ಮರು: ಪದ ಬೇಕು – ‘ಹೈಲ್ಯಾಂಡರ್’ ಸಬ್‌ಟೈಟಲ್‌ಗೆ ‘ಇಮ್ಮಾರ್ಟಲ್’, ‘ಕ್ವಿಕನಿಂಗ್’

> ನಮ್ಮ ಸಿನಿಮಾ ಬಳಗ ಈ ಭಾನುವಾರ 1986ರ ‘ಹೈಲ್ಯಾಂಡರ್’ ತೋರಿಸುತ್ತಿದೆ. ಕನ್ನಡ ಸಬ್‌ಟೈಟಲ್ ಕೆಲಸ ನನ್ನ ಪಾಲಿಗೆ ಬಂದಿದೆ. ‘ಇಮ್ಮಾರ್ಟಲ್’ಗೆ ಏನು ಹಾಕಲಿ? ‘ಕ್ವಿಕನಿಂಗ್’ಗೆ? ಪೋಸ್ಟರಿಗೆ ಕನ್ನಡದ ಹೆಸರೂ ಬೇಕಂತೆ. ಶುಕ್ರವಾರದೊಳಗೆ ತಿಳಿಸಿದರೆ ಉಪಕಾರ.

ನಿಮಗೆ ಹೊತ್ತಿಲ್ಲ. ಹಾಗಾಗಿ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಮ್ಮಾರ್ಟಲ್‌ಗೆ ‘ಸಾಯದವರು’. ಕ್ವಿಕನಿಂಗ್‌ಗೆ ‘ಮೈದುಂಬು’. ಪೋಸ್ಟರಿನಲ್ಲಿ ‘ಹೈಲ್ಯಾಂಡರ್’ ಅಂತಲೇ ಇರಲಿ. ಯಾಕೆ ಅನ್ನೋದು ಕೆಳಗಿದೆ. ಈ ಎರಡು ದಿನದಲ್ಲಿ ಬಂದ ಉತ್ತರಗಳಿಗೂ ಸೇರಿಸಿ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾಗುತ್ತೆ.

> ‘ಅಮರ’ ಅಂತ ಹಾಕಿ ಮುಗಿಸಿ. ಇದಕ್ಕೂ ಚರ್ಚೆಯೇ?

ಚರ್ಚೆ ಬೇಕು. ಚಿತ್ರ ನೋಡಿದ್ದರೆ ಈ ಮಾತು ಬರುತ್ತಿರಲಿಲ್ಲ. ಕಥೆಯಲ್ಲಿ ಇವರು ಗಾಯದಿಂದ ಸಾಯಲ್ಲ, ಮುದುಕರಾಗಲ್ಲ. ಆದರೆ ತಲೆ ಕಡಿದರೆ ಸಾಯುತ್ತಾರೆ. ಕಥೆ ನಿಂತಿರೋದೇ ಅದರ ಮೇಲೆ. ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋಗಿ ತಲೆ ತೆಗೆಯುತ್ತಾರೆ, ಕೊನೆಗೆ ಒಬ್ಬ ಉಳಿಯುತ್ತಾನೆ. ಈಗ ‘ಅಮರ’ ಅಂದ ಕೂಡಲೇ ಕನ್ನಡದವರ ತಲೆಗೆ ಏನು ಬರುತ್ತೆ? ಅಮೃತ ಕುಡಿದ ದೇವತೆಗಳು. ಅದರ ಬೆನ್ನಿಗೇ ರಾಹು. ವಿಷ್ಣು ಚಕ್ರದಿಂದ ತಲೆ ಕತ್ತರಿಸಿದರೂ ಅಮೃತ ಗಂಟಲಿಗೆ ಇಳಿದಿತ್ತು ಅಂತ ಅವನು ಉಳಿದ. ತಲೆ ರಾಹು ಆಯಿತು, ಮುಂಡ ಕೇತು ಆಯಿತು. ಅಂದರೆ ನಮ್ಮ ಅಮೃತದ ಕಥೆ ಈ ಚಿತ್ರದ ನಿಯಮಕ್ಕೆ ಸರಿಯಾಗಿ ತಿರುಗುಮುರುಗು. ಅಲ್ಲಿ ತಲೆ ಹೋದರೂ ಸಾವಿಲ್ಲ, ಇಲ್ಲಿ ತಲೆ ಹೋದರೆ ಮಾತ್ರ ಸಾವು.

ಇನ್ನೊಂದು ತೊಡಕು ಬಳಕೆಯದು. ‘ಅಮರರಾದರು’ ಅಂದರೆ ಇವತ್ತಿನ ಕನ್ನಡದಲ್ಲಿ ತೀರಿಹೋದರು ಅಂತ ಅರ್ಥ. ಶ್ರದ್ಧಾಂಜಲಿ ಬ್ಯಾನರುಗಳಲ್ಲಿ ದಿನಾ ನೋಡುತ್ತೀವಲ್ವಾ? ಚಿತ್ರದ ನಾಯಕ 1536ರಲ್ಲಿ ಯುದ್ಧದಲ್ಲಿ ಸಾಯುತ್ತಾನೆ, ಮತ್ತೆ ಎದ್ದು ಕೂರುತ್ತಾನೆ. ಊರಿನವರು ದೆವ್ವ ಹಿಡಿದಿದೆ ಅಂತ ಹೊಡೆದು ಓಡಿಸುತ್ತಾರೆ. ಆ ಜಾಗದಲ್ಲಿ ‘ಅಮರನಾದ’ ಅಂತ ಹಾಕಿದರೆ ಓದುವವರಿಗೆ ಸತ್ತನೋ ಬದುಕಿದನೋ ಗೊತ್ತೇ ಆಗಲ್ಲ.

> ‘ಚಿರಂಜೀವಿ’ ಇರುವಾಗ ಬೇರೆ ಪದ ಹುಡುಕುವುದು ಸಲ್ಲದು. ಅಶ್ವತ್ಥಾಮನಿಗಿಂತ ಒಳ್ಳೆಯ ಹೋಲಿಕೆ ಎಲ್ಲಿದೆ?

ಮೇಷ್ಟ್ರೇ, ಅರ್ಥದ ಮಟ್ಟಿಗೆ ನಿಮ್ಮ ಮಾತನ್ನು ಒಪ್ಪುತ್ತೇನೆ. ಚಿರ ಅಂದರೆ ಬಹಳ ಕಾಲ. ಸಾವೇ ಇಲ್ಲ ಅಂತ ಆ ಪದ ಹೇಳಲ್ಲ. ಏಳು ಚಿರಂಜೀವಿಗಳಲ್ಲಿ ಅಶ್ವತ್ಥಾಮನಿಗೆ ಮಾತ್ರ ಉದ್ದದ ಆಯುಸ್ಸು ಶಾಪವಾಗಿ ಬಂತು. ಈ ಚಿತ್ರದ ಒಡಲಲ್ಲೂ ಅದೇ ನೋವಿದೆ. ಸ್ಕಾಟ್ಲೆಂಡಿನ ಬೆಟ್ಟದ ಬುಡದ ಮನೆಯಲ್ಲಿ ನಾಯಕನ ಹೆಂಡತಿ ಹೆದರ್ ಮುದುಕಿಯಾಗುತ್ತಾಳೆ. ಕೂದಲು ಬೆಳ್ಳಗಾಗಿದೆ, ಮುಖದ ತುಂಬ ಸುಕ್ಕು. ಗಂಡ ಮದುವೆಯಾದಾಗ ಹೇಗಿದ್ದನೋ ಹಾಗೇ ಇದ್ದಾನೆ. ಅವನ ತೋಳಿನಲ್ಲಿ ಮಲಗಿ, ನನ್ನ ಹುಟ್ಟುಹಬ್ಬಕ್ಕೆ ಒಂದು ಮೇಣದ ಬತ್ತಿ ಹಚ್ಚು ಅಂತ ಕೇಳುತ್ತಾಳೆ. ಹಿಂದೆ ಕ್ವೀನ್ ತಂಡದ ಹಾಡು, ಬ್ರಿಯಾನ್ ಮೇ ಬರೆದದ್ದು. ನಾನೂರು ವರ್ಷ ಕಳೆದರೂ ನ್ಯೂಯಾರ್ಕಿನ ಚರ್ಚಿನಲ್ಲಿ ಅವನು ಆ ಬತ್ತಿ ಹಚ್ಚುತ್ತಾನೆ. ಕತ್ತಿವರಸೆಗಿಂತ ಈ ಒಂದು ದೃಶ್ಯಕ್ಕೇ ಚಿತ್ರ ಉಳಿದಿದೆ ಅಂತ ನನಗೆ ಅನಿಸುತ್ತೆ.

ಆದರೆ ಕಿವಿ ಒಪ್ಪಬೇಕಲ್ಲ? ಚಿರಂಜೀವಿ ಹಿರಿಯರು ಕಿರಿಯರಿಗೆ ಕೊಡೋ ಹರಕೆ. ಮದುವೆ ಕರೆಯೋಲೆಯಲ್ಲಿ ಗಂಡಿನ ಹೆಸರಿನ ಹಿಂದೆ ‘ಚಿ॥’ ಅಂತ ಬರೆಯುತ್ತೀವಿ. ತನ್ನನ್ನು ತಾನೇ ‘ನಾನು ಚಿರಂಜೀವಿ’ ಅಂತ ಹೇಳಿಕೊಳ್ಳೋದು ಕನ್ನಡದ ರೂಢಿಯಲ್ಲಿ ಇಲ್ಲ. ಮೇಲಾಗಿ ಆ ಹೆಸರಿನ ತೆಲುಗು ನಟರನ್ನು ಎಲ್ಲರೂ ಬಲ್ಲರು. ತೆರೆಯ ಮೇಲೆ ಗಂಭೀರವಾದ ಮಾತು ನಡೆಯುತ್ತಿರುವಾಗ ಸಭೆ ನಕ್ಕರೆ ಕೆಲಸ ಕೆಟ್ಟಿತು.

> ‘ಸಾವಿಲ್ಲದವರು’ ಅಚ್ಚಗನ್ನಡ, ಎಲ್ಲರಿಗೂ ತಿಳಿಯುತ್ತೆ.

ಇದು ಹತ್ತಿರ ಬಂತು, ಆದರೂ ಸರಿಯಿಲ್ಲ. ‘ಸಾವಿಲ್ಲದ’ ಅನ್ನೋದನ್ನು ಅಕ್ಕಮಹಾದೇವಿ ಯಾರಿಗೆ ಬಳಸಿದಳು ನೋಡಿ. ಚೆನ್ನಮಲ್ಲಿಕಾರ್ಜುನನಿಗೆ. ‘ಸಾವಿಲ್ಲದ ಕೇಡಿಲ್ಲದ’ ಚೆಲುವ ಅವನು. ಅದೇ ವಚನದ ಕೊನೆಯಲ್ಲಿ ‘ಸಾವ ಕೆಡುವ ಗಂಡರು’ ಬರುತ್ತಾರೆ. ನಡುವೆ ಗೆರೆ ಸ್ಪಷ್ಟವಾಗಿದೆ. ನಮ್ಮ ಕತ್ತಿಯ ಜನ ಎಷ್ಟೇ ಶತಮಾನ ಬದುಕಲಿ, ಅವರು ಎರಡನೇ ಗುಂಪಿನವರೇ. ಕಿಸಾಗೋತಮಿಯ ಕಥೆಯ ಸಾಸಿವೆಯನ್ನೂ ನೆನೆಸಿಕೊಳ್ಳಿ. ‘ಸಾವಿಲ್ಲದ ಮನೆ’ ಅಂದರೆ ಸಾವು ಕಾಲೇ ಇಡದ ಮನೆ. ‘ಇಲ್ಲದ’ ಅನ್ನೋದು ಪೂರ್ತಿ ಬಾಗಿಲು ಹಾಕಿಬಿಡುತ್ತೆ.

‘ಸಾಯದ’ ಹಾಗಲ್ಲ. ಅದು ನಿಷೇಧ ಕೃದಂತ, ಅಂದರೆ ಕ್ರಿಯಾಪದದಿಂದ ಆದ ‘ಆಗದ’ ಅನ್ನೋ ಥರದ ರೂಪ, ಅದಕ್ಕೆ ಕಾಲ ಇಲ್ಲ. ‘ಬಾರದ ಮಳೆ’ ಅಂದರೆ ಬಂದಿಲ್ಲ, ಬರುತ್ತಿಲ್ಲ, ಬರಲಿಕ್ಕಿಲ್ಲ, ಮೂರೂ ಆಗುತ್ತೆ. ನಾಳೆ ಬಂದರೂ ಪದ ಸುಳ್ಳಾಗಲ್ಲ. ‘ಸಾಯದವನು’ ಅಂದರೆ ಸಾಯದೆ ಉಳಿದಿರುವವನು. ನಾಳೆ ಯಾರೋ ತಲೆ ತೆಗೆದರೆ ಸತ್ತ, ಅಷ್ಟೇ. ಇಂಗ್ಲಿಷಿನ ಪದಕ್ಕೂ ಇಷ್ಟು ಚೆನ್ನಾಗಿ ಈ ಕಥೆ ಒಪ್ಪಲ್ಲ. ರೂಪಗಳನ್ನು ಹೊಸದಾಗಿ ಕಟ್ಟೋ ತೊಂದರೆಯೂ ಇಲ್ಲ. ಸಾಯದವನು, ಸಾಯದವಳು, ಸಾಯದವರು, ಎಲ್ಲ ರೂಪವೂ ಸಿದ್ಧವಾಗಿವೆ. ನಾಯಕ ತನ್ನ ಗುರುತು ಹೇಳಿಕೊಳ್ಳುವ ಜಾಗಕ್ಕೆ ಹೀಗೆ ಹಾಕಿ: ‘ನಾನು ಮ್ಯಾಕ್ಲೌಡ್ ಕುಲದ ಕಾನರ್ ಮ್ಯಾಕ್ಲೌಡ್. 1518ರಲ್ಲಿ ಗ್ಲೆನ್‌ಫಿನನ್‌ನಲ್ಲಿ ಹುಟ್ಟಿದೆ. ನಾನು ಸಾಯದವನು.’

> ಕ್ವಿಕನಿಂಗ್ = ಚುರುಕುಗೊಳ್ಳುವಿಕೆ / ವೇಗವರ್ಧನೆ. ನಿಘಂಟಿನಲ್ಲಿದೆ.

ಇದ್ದರೆ ಇರಲಿ. ಇಲ್ಲಿ ಬೇಡ. ಹಳೆಯ ಇಂಗ್ಲಿಷಿನಲ್ಲಿ ‘ಕ್ವಿಕ್’ ಅಂದರೆ ಜೀವ ಇರುವ ಅಂತ. ವೇಗದ ಅರ್ಥ ಆಮೇಲೆ ಬಂದದ್ದು. ಬಸಿರಲ್ಲಿ ಮಗು ಮೊದಲ ಸಲ ಮಿಸುಕಿದ್ದು ತಾಯಿಗೆ ತಿಳಿಯುತ್ತಲ್ಲ, ಅದಕ್ಕೆ ಕ್ವಿಕನಿಂಗ್ ಅಂತಾರೆ. ಚಿತ್ರದಲ್ಲಿ ಈ ಮಾತು ಬರೋ ದೃಶ್ಯ ಗಮನಿಸಿ. ಗುರು ರಾಮಿರೆಜ್ ಶಿಷ್ಯನಿಗೆ ಒಂದು ಸಾರಂಗವನ್ನು ತೋರಿಸುತ್ತಾನೆ. ಅದರ ಎದೆಬಡಿತ ನಿನ್ನೊಳಗೆ ಕೇಳಿಸಿಕೋ ಅನ್ನುತ್ತಾನೆ. ಶಿಷ್ಯನಿಗೆ ಅದು ದಕ್ಕುತ್ತೆ, ಸಾರಂಗದ ಜೊತೆ ಓಡುತ್ತಾನೆ. ಮಿಂಚು, ಸಿಡಿಲು, ಒಡೆದ ಗಾಜು ಇವೆಲ್ಲ ತಲೆ ಕಡಿದ ಮೇಲಿನ ಮಾತು. ಸೋತವನ ಕಸುವು ಗೆದ್ದವನ ಒಳಗೆ ನುಗ್ಗಿದಾಗ. ಇನ್ನೊಂದು ಜೀವ ನನ್ನ ಮೈಯೊಳಗೆ ಬಂತು ಅನ್ನೋದು ಎರಡಕ್ಕೂ ಸಮ.

ಇದಕ್ಕೆ ಕನ್ನಡದಲ್ಲಿ ಪದ ಇದೆ. ಮೈ + ತುಂಬು = ಮೈದುಂಬು. ದೇವರು ಮೈದುಂಬಿತು ಅಂತ ಜಾತ್ರೆಯಲ್ಲಿ ಹೇಳ್ತೀವಿ. ಮಳೆಗಾಲದಲ್ಲಿ ಶರಾವತಿ ಮೈದುಂಬಿ ಹರಿಯಿತು ಅಂತ ಪತ್ರಿಕೆಯವರು ಬರೀತಾರೆ. ಹೊರಗಿನ ಶಕ್ತಿ ಒಳಗೆ ಬಂದು ಉಕ್ಕೋದು ಎರಡು ಬಳಕೆಯಲ್ಲೂ ಇದೆ. ಸಾರಂಗದ ದೃಶ್ಯಕ್ಕೆ ‘ಇದೇ ಮೈದುಂಬು’ ಅಂತ ಒಂದು ಸಾಲು ಸಾಕು.

> ಸಂಸ್ಕೃತವೂ ಬೇಡ, ಇಂಗ್ಲಿಷೂ ಬೇಡ. ‘ಅಳಿವಿಲ್ಲಿಗರು’, ‘ಕಸುವೇರ್ಕೆ’ ಎನ್ನಿ. ಆಂಡಯ್ಯ ದಾರಿ ತೋರಿಸಿದ್ದಾನೆ.

‘ಇಗ’ ನಾಮಪದಕ್ಕೆ ಹತ್ತುತ್ತೆ. ಒಕ್ಕಲಿಗ, ಕಬ್ಬಿಗ, ಕನ್ನಡಿಗ. ‘ಇಲ್ಲ’ಕ್ಕೆ ಹತ್ತಲ್ಲ. ‘ಅಳಿವಿಲ್ಲಿಗ’ ಕನ್ನಡವೇ ಅಲ್ಲ. ಕಸುವೇರ್ಕೆ ಕೇಳಿದರೆ ಬೆಲೆ ಏರಿಕೆ ನೆನಪಾಗುತ್ತೆ.

ಹಳಗನ್ನಡದ ಕವಿ ಆಂಡಯ್ಯನ ಹೆಸರು ಹೇಳುವ ಮುಂಚೆ ಅವನು ಮಾಡಿದ್ದೇನು ಅಂತ ನೋಡಬೇಕು. ಹದಿಮೂರನೇ ಶತಮಾನದಲ್ಲಿ ಅವನು ಬಿಟ್ಟದ್ದು ತತ್ಸಮವನ್ನು, ಅಂದರೆ ಸಂಸ್ಕೃತದಿಂದ ಇದ್ದ ಹಾಗೇ ಬಂದ ಪದವನ್ನು. ಕನ್ನಡದಲ್ಲಿ ರೂಪ ಬದಲಿಸಿಕೊಂಡ ತದ್ಭವವನ್ನು ಧಾರಾಳವಾಗಿ ಬಳಸಿದ. ಅವನ ಕಾವ್ಯ ‘ಕಬ್ಬಿಗರ ಕಾವ’ದ ಹೆಸರಿನ ‘ಕಬ್ಬಿಗ’ದ ಒಳಗೇ ‘ಕಬ್ಬ’ ಇದೆ. ಅದು ‘ಕಾವ್ಯ’ದಿಂದ ಬಂದದ್ದು. ಅವನು ಸಾಲವನ್ನು ತಳ್ಳಲಿಲ್ಲ. ಸಾಲ ತಂದ ಪದ ಕನ್ನಡದ ಬಾಯಿಗೆ ಒಗ್ಗಬೇಕು ಅಂದ. ಇದನ್ನು ನಾನು ಈ ಬಳಗದಲ್ಲಿ ಹಿಂದೆಯೂ ಹೇಳಿದ್ದೇನೆ. ಆಂಡಯ್ಯನನ್ನು ಗಡಿ ಕಾಯೋಕೆ ನಿಲ್ಲಿಸೋದು ಅವನಿಗೆ ಮಾಡೋ ಅನ್ಯಾಯ. ‘ಸಾಯದವರು’ ದೇಸಿ ಪದ ಅನ್ನೋ ಒಂದೇ ಕಾರಣಕ್ಕೆ ನಾನು ಅದನ್ನು ಆರಿಸಿಲ್ಲ. ಸಂಸ್ಕೃತದ ಪದ ಇಷ್ಟೇ ಚೆನ್ನಾಗಿ ಹೊಂದಿದ್ದರೆ ಅದನ್ನೇ ಹೇಳುತ್ತಿದ್ದೆ. ಕೊನೆಗೆ ಉಳಿದವನಿಗೆ ಸಿಗೋ ‘ದಿ ಪ್ರೈಜ್’ ಅನ್ನೋದಕ್ಕೆ ನನ್ನ ಆಯ್ಕೆ ‘ಪಣ’. ಅದು ಸಂಸ್ಕೃತ. ‘ಬಹುಮಾನ’ ಅಂದರೆ ಶಾಲೆಯ ವಾರ್ಷಿಕೋತ್ಸವ ಕಣ್ಣಿಗೆ ಬರುತ್ತೆ. ಪಣ ಅಂದರೆ ಪಗಡೆಯಾಟ ಕಣ್ಣಿಗೆ ಬರುತ್ತೆ, ಇಲ್ಲಿಯದೂ ಸರ್ವಸ್ವ ಒಡ್ಡೋ ಆಟವೇ. ಉಳಿದವರೆಲ್ಲ ಕೊನೆಯ ಕಾಳಗಕ್ಕೆ ಸೇರೋ ‘ಗ್ಯಾದರಿಂಗ್’ಗೆ ‘ಕೂಟ’, ‘ಹೋಲಿ ಗ್ರೌಂಡ್’ಗೆ ‘ದೇವರ ನೆಲ’. ‘ದೇವರ ನೆಲದಲ್ಲಿ ಕತ್ತಿ ಎತ್ತೋ ಹಾಗಿಲ್ಲ’ ಅಂತ ಬರೆದರೆ ನಿಯಮ ಒಂದೇ ಏಟಿಗೆ ತಿಳಿಯುತ್ತೆ.

> ಜನಕ್ಕೆ ‘ಇಮ್ಮಾರ್ಟಲ್’ ಗೊತ್ತು. ಸುಮ್ನೆ ಕಷ್ಟಪಡ್ತಿದ್ದೀರಿ.

ಯಾವ ಜನಕ್ಕೆ? ಅದು ಗೊತ್ತಿರೋರು ಸಬ್‌ಟೈಟಲ್ ಓದಲ್ಲ. ಓದೋರಿಗೆ ಅದು ಗೊತ್ತಿರಲ್ಲ. ಅವರಿಗಾಗಿಯೇ ಈ ಕೆಲಸ.

> ಹೆಸರಿಗೆ ‘ಮಲೆನಾಡಿಗ’. ಹೈ = ಮಲೆ, ಲ್ಯಾಂಡ್ = ನಾಡು. ಇಷ್ಟು ಸುಲಭ.

ಬೇಡವೇ ಬೇಡ. ಮಲೆನಾಡು ಒಂದು ಸೀಮೆಯ ಹೆಸರು. ‘ಮಲೆನಾಡಿಗ’ ಅಂತ ಪೋಸ್ಟರ್ ಅಂಟಿಸಿದರೆ ತೀರ್ಥಹಳ್ಳಿಯ ಕಥೆ ಅಂತ ಜನ ಬರುತ್ತಾರೆ. ಹೈಲ್ಯಾಂಡ್ಸ್ ಕೂಡ ಸ್ಕಾಟ್ಲೆಂಡಿನ ಒಂದು ನಾಡಿನ ಹೆಸರೇ. ಅಲ್ಲಿಯವರ ಗೇಲಿಕ್ ನುಡಿಯಲ್ಲಿ ಆ ನಾಡಿನ ಹೆಸರು ‘ಗೇಲರ ನಾಡು’ ಅಂತ ಅರ್ಥ ಕೊಡುತ್ತೆ, ಬೆಟ್ಟದ ಮಾತೇ ಅದರಲ್ಲಿಲ್ಲ. ಹೆಸರನ್ನು ಹೆಸರಾಗಿ ತರಬೇಕು. ಇಷ್ಟಕ್ಕೂ ಈ ಚಿತ್ರಕ್ಕೆ ಶುದ್ಧಿಯ ಹಟ ಯಾಕೆ? ಸ್ಕಾಟ್ಲೆಂಡಿನವನಾಗಿ ನಟಿಸಿದ ಕ್ರಿಸ್ಟೋಫರ್ ಲ್ಯಾಂಬರ್ಟ್ ಫ್ರೆಂಚ್ ನಟ. ನಿಜವಾದ ಸ್ಕಾಟ್ಲೆಂಡಿನ ಷಾನ್ ಕಾನರಿ ಸ್ಪೇನಿನ ಹೆಸರಿಟ್ಟುಕೊಂಡ ಈಜಿಪ್ಟಿನವನಾಗಿ ಬರುತ್ತಾರೆ, ಕೈಯಲ್ಲಿ ಜಪಾನಿನ ಕತ್ತಿ ‘ಕತಾನ’. ಖಳನ ಹೆಸರು ‘ಕುರ್ಗನ್’. ಆ ಪದ ತುರ್ಕಿ ನುಡಿಗಳಿಂದ ರಷ್ಯನ್ನಿಗೆ ಹೋದದ್ದು, ಅರ್ಥ ಸಮಾಧಿಯ ದಿಬ್ಬ.

> ಕತಾನ < ಕತ್ತಿ. ದ್ರಾವಿಡ–ಜಪಾನಿ ನಂಟಿಗೆ ಇನ್ನೇನು ಸಾಕ್ಷಿ ಬೇಕು?

ಅಲ್ಲ. ಜಪಾನಿಯಲ್ಲಿ ‘ಕತ’ ಅಂದರೆ ಒಂದು ಬದಿ, ‘ನ’ ಅಂದರೆ ಅಲಗು ಅಂತ ಬಿಡಿಸುತ್ತಾರೆ. ಒಂದೇ ಕಡೆ ಹರಿತ ಇರೋ ಕತ್ತಿ. ಸದ್ದು ಹೋಲಿದರೆ ನಂಟಾಗಲ್ಲ.

> ಪೋಸ್ಟರಿನ ಅಡಿಸಾಲಿಗೆ ‘ಬಾಳೇ ಬಾಳ್’ ಅಂತ ಹಾಕಿ. ಹಳಗನ್ನಡದಲ್ಲಿ ಬದುಕಿಗೂ ಕತ್ತಿಗೂ ಒಂದೇ ಬೇರು.

ಸಾಲು ಚೆನ್ನಾಗಿದೆ, ಕಾರಣ ತಪ್ಪು. ಹಳಗನ್ನಡದಲ್ಲಿ ಬದುಕು ‘ಬಾೞ್’, ಕತ್ತಿ ‘ಬಾಳ್’. ಮೊದಲನೆಯದರ ೞ ರಳ, ಎರಡನೆಯದರ ಳ ಕುಳ. ತಮಿಳಿನಲ್ಲಿ ಇವತ್ತಿಗೂ ಎರಡನ್ನೂ ಬೇರೆ ಬೇರೆಯಾಗಿ ಬರೀತಾರೆ, ಬೇರೆಯಾಗಿ ನುಡೀತಾರೆ. ನಮ್ಮಲ್ಲಿ ೞ ಅಳಿದು ಳ ಜೊತೆ ಬೆರೆತ ಮೇಲೆ ಎರಡೂ ಒಂದೇ ಥರ ಕೇಳುತ್ತೆ. ಬೇರು ಒಂದಲ್ಲ, ದಾರಿಯಲ್ಲಿ ಕೂಡಿಕೊಂಡವು. ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜ ಅಷ್ಟು ಕಷ್ಟಪಟ್ಟು ರಳ ಕುಳ ಬಿಡಿಸಿಟ್ಟಿದ್ದಾನೆ. ಪದಚರ್ಚೆ ಬಳಗದಲ್ಲೇ ಅದನ್ನು ಕಲಸಿಬಿಟ್ಟರೆ ನನಗೆ ಬೇಜಾರಾಗುತ್ತೆ. ಅಡಿಸಾಲು ಬೇಕಿದ್ದರೆ ಬಳಸಿ, ಈ ವ್ಯುತ್ಪತ್ತಿಯನ್ನು ಮಾತ್ರ ಕರಪತ್ರದಲ್ಲಿ ಹಾಕಬೇಡಿ.

> ‘ದೇರ್ ಕ್ಯಾನ್ ಬಿ ಓನ್ಲಿ ಒನ್’ – ‘ಒಬ್ಬನೇ ಇರಬಹುದು’ ಅಂತ ಮಾಡಿದ್ದೇನೆ. ಸರಿಯೇ?

ತೆಗೆದುಬಿಡಿ. ‘ಪಾಪ, ಮನೆಯಲ್ಲಿ ಒಬ್ಬನೇ ಇರಬಹುದು’ ಅನ್ನೋ ಹಾಗಾಯಿತು. ‘ಉಳಿಯೋದು ಒಬ್ಬನೇ’ ಅಂತ ಮಾಡಿ. ಚಿತ್ರದ ತುಂಬ ಇದೇ ಮಾತು ಮತ್ತೆ ಮತ್ತೆ ಬರುತ್ತೆ, ಎಲ್ಲ ಕಡೆ ಒಂದೇ ರೂಪ ಇಡಿ. ಮುಂದೆ ಯಾವತ್ತಾದರೂ 1992ರಿಂದ 1998ರವರೆಗೆ ಬಂದ ಟಿವಿ ಸರಣಿಯನ್ನು ಕೈಗೆತ್ತಿಕೊಂಡರೆ ‘ಒಬ್ಬರೇ’ ಅಂತ ಬದಲಿಸಬೇಕಾಗುತ್ತೆ. ಅದರಲ್ಲಿ ಅಮಾಂಡಾಳಂಥ ಹೆಣ್ಣುಮಕ್ಕಳೂ ಈ ಆಟದಲ್ಲಿದ್ದಾರೆ. ಈಗ ಅದರ ಚಿಂತೆ ಬೇಡ.

ನೀವು ಕಳಿಸಿದ ಮಾದರಿಯಲ್ಲಿ ‘ಮ್ಯಾಕ್ಲಿಯೋಡ್’ ಅಂತ ಇದೆ. ಉಚ್ಚಾರ ‘ಮ್ಯಾಕ್ಲೌಡ್’. ತೆರೆಯ ಮೇಲೆ ಅವರೇ ಹಾಗೆ ಅನ್ನುತ್ತಿರುವಾಗ ಕೆಳಗೆ ಬೇರೆ ಬರೆದರೆ ಕಣ್ಣಿಗೂ ಕಿವಿಗೂ ಜಗಳವಾಗುತ್ತೆ. ಕಡತ ಪೂರ್ತಿ ಒಂದು ಸಲ ಹುಡುಕಿ ತಿದ್ದಿಬಿಡಿ. ಗುರುವಾರ ರಾತ್ರಿಯೊಳಗೆ ಕಳಿಸಿದರೆ ಹೆದರ್ ದೃಶ್ಯ, ಸಾರಂಗದ ದೃಶ್ಯ ಎರಡನ್ನೂ ಕೂತು ನೋಡಿ ಶುಕ್ರವಾರ ಬೆಳಿಗ್ಗೆ ವಾಪಸ್ ಕಳಿಸುತ್ತೇನೆ.