ಟೈಪ್ 2 ಹೃದಯಾಘಾತಕ್ಕೆ ಐ21.4 ಹಾಕಬೇಕೋ, ಐ21.ಎ1 ಹಾಕಬೇಕೋ?

ಪ್ರಶ್ನೆ (ಕೊಪ್ಪಳದಿಂದ)
ನಮಸ್ಕಾರ. ಮೆಡಿಕಲ್ ಕೋಡಿಂಗ್ (ವೈದ್ಯರು ಬರೆದ ಕಾಯಿಲೆಗಳಿಗೆ ನಿಗದಿತ ಕೋಡ್ ಕೊಡುವ ಕೆಲಸ) ಪರೀಕ್ಷೆಗೆ ಓದುತ್ತಿದ್ದೇನೆ. ಅಭ್ಯಾಸಕ್ಕೆ ಕೊಟ್ಟಿರುವ ಒಂದು ಡಿಸ್ಚಾರ್ಜ್ ಸಮರಿಯ ಪ್ರಕಾರ, ಜಠರದ ಹುಣ್ಣಿನಿಂದ ರಕ್ತಸ್ರಾವವಾಗಿ ದಾಖಲಾದ ರೋಗಿಯ ಹಿಮೋಗ್ಲೋಬಿನ್ 5ಕ್ಕೆ ಇಳಿದಿದೆ, ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಹಾನಿಯಾದಾಗ ರಕ್ತದಲ್ಲಿ ಹೆಚ್ಚುವ ಪ್ರೋಟೀನ್) ಏರಿದೆ, ಇಸಿಜಿಯಲ್ಲಿ ಎಸ್‌ಟಿ ಭಾಗ ಮೇಲೆದ್ದಿಲ್ಲ. ವೈದ್ಯರು ‘ಟೈಪ್ 2 ಎನ್‌ಸ್ಟೆಮಿ’ (ಎಸ್‌ಟಿ ಭಾಗ ಮೇಲೇಳದ ಹೃದಯಾಘಾತ) ಎಂದು ಬರೆದಿದ್ದಾರೆ. ಎನ್‌ಸ್ಟೆಮಿಯ ಐ21.4, ಟೈಪ್ 2ರ ಐ21.ಎ1 ಎರಡೂ ಕೋಡ್ ಹಾಕಬೇಕೆ?

ಉತ್ತರ 1 (ಬಳ್ಳಾರಿಯಿಂದ)
ಬೇಡ, ಐ21.ಎ1 ಒಂದೇ ಸಾಕು. ಸ್ಟೆಮಿ (ಎಸ್‌ಟಿ ಭಾಗ ಮೇಲೆದ್ದ ಹೃದಯಾಘಾತ), ಎನ್‌ಸ್ಟೆಮಿ ಎಂಬುದು ಇಸಿಜಿಯಲ್ಲಿ ಕಂಡದ್ದನ್ನು ಹೇಳುತ್ತದೆ. ಟೈಪ್ 1ರಿಂದ 5ರವರೆಗಿನ ವಿಂಗಡಣೆ ಹೃದಯದ ಸ್ನಾಯು ಏಕೆ ಸತ್ತಿತು ಎಂಬುದನ್ನು ಹೇಳುತ್ತದೆ. ರಕ್ತನಾಳದೊಳಗಿನ ಕೊಬ್ಬಿನ ಪದರ ಒಡೆದು ಹೆಪ್ಪುಗಟ್ಟಿದರೆ ಅದು ಟೈಪ್ 1. ನಿಮ್ಮ ರೋಗಿಯಲ್ಲಿ ಹಾಗಾಗಿಲ್ಲ; ರಕ್ತ ಕಡಿಮೆಯಾಗಿ ಹೃದಯಕ್ಕೆ ಬೇಕಾದಷ್ಟು ಆಮ್ಲಜನಕ ಸಿಗದೆ ಸ್ನಾಯುವಿಗೆ ಪೆಟ್ಟಾಗಿದೆ. ಐಸಿಡಿ-10-ಸಿಎಂನಲ್ಲಿ (ಅಮೆರಿಕದಲ್ಲಿ ಬಳಸುವ ಕಾಯಿಲೆಗಳ ಕೋಡ್ ಪಟ್ಟಿ) ಐ21.0ಯಿಂದ ಐ21.4ರವರೆಗಿನ ಕೋಡ್‌ಗಳು ಟೈಪ್ 1ಕ್ಕೆ ಮೀಸಲು. ಟೈಪ್ 2ಕ್ಕೆ ಪ್ರತ್ಯೇಕ ಕೋಡ್ ಬಂದದ್ದು 2017ರ ಅಕ್ಟೋಬರ್ 1ರಿಂದ. ಆದ್ದರಿಂದ ಹಳೆಯ ಪುಸ್ತಕ ಇಟ್ಟುಕೊಂಡು ಓದುವವರು ಇಲ್ಲಿ ಖಂಡಿತ ಎಡವುತ್ತಾರೆ.

ಮೂಲ ಕಾರಣವನ್ನೂ ಕೋಡ್ ಮಾಡಲೇಬೇಕು. ದಾಖಲಾದದ್ದೇ ರಕ್ತಸ್ರಾವಕ್ಕಾಗಿ ಆದ್ದರಿಂದ ಕೆ25.4 (ರಕ್ತ ಸುರಿಯುವ ಜಠರದ ಹುಣ್ಣಿನ ಕೋಡ್) ಮೊದಲು ಬರುತ್ತದೆ. ರಕ್ತಸ್ರಾವದಿಂದ ತೀವ್ರ ರಕ್ತಹೀನತೆ ಆಗಿದೆಯೆಂದು ವೈದ್ಯರೇ ಬರೆದಿದ್ದರೆ ಮಾತ್ರ ಡಿ62 ಸೇರಿಸಿ. ಹಿಮೋಗ್ಲೋಬಿನ್ ಅಂಕಿ ನೋಡಿ ನಾವೇ ತೀರ್ಮಾನಿಸುವಂತಿಲ್ಲ.

ಉತ್ತರ 2 (ರಾಯಚೂರಿನಿಂದ)
ಮೇಲಿನ ಕೊನೆಯ ಮಾತು ಟ್ರೋಪೋನಿನ್‌ಗೂ ಅನ್ವಯಿಸುತ್ತದೆ. ಟ್ರೋಪೋನಿನ್ ಏರಿದ್ದೆಲ್ಲ ಹೃದಯಾಘಾತವಲ್ಲ. ರಕ್ತಪೂರೈಕೆಯ ಕೊರತೆಯಿಲ್ಲದೆ ಸ್ನಾಯುವಿಗೆ ತೀವ್ರ ಹಾನಿಯಾಗಿದೆಯೆಂದು ವೈದ್ಯರು ಬರೆದರೆ ಐ5ಎ ಆಗುತ್ತದೆ. ಬರಹ ಅಸ್ಪಷ್ಟವಾಗಿದ್ದರೆ ವೈದ್ಯರಿಗೆ ಕ್ವೆರಿ (ಸ್ಪಷ್ಟನೆ ಕೇಳುವ ಪ್ರಶ್ನೆ) ಕಳಿಸುವುದೇ ಸರಿಯಾದ ದಾರಿ.

ನಮ್ಮ ಕಡೆ ತಾಲ್ಲೂಕು ಆಸ್ಪತ್ರೆಯಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ಜಿಲ್ಲಾ ಕೇಂದ್ರಕ್ಕೆ ಕಳಿಸಿದ ರೋಗಿಯ ಇಸಿಜಿ ಇಲ್ಲಿಗೆ ಬರುವಷ್ಟರಲ್ಲಿ ಸುಧಾರಿಸಿರಬಹುದು. ಅಂಥ ಉದಾಹರಣೆ ಪರೀಕ್ಷೆಯಲ್ಲಿ ಬಂದರೂ ಅದನ್ನು ಸ್ಟೆಮಿ ಎಂದೇ ಕೋಡ್ ಮಾಡಬೇಕು.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ಇದೇ ರೋಗಿಗೆ 3 ವಾರದೊಳಗೆ ಮತ್ತೆ ಹೃದಯಾಘಾತವಾದರೆ ಐ22 (ಒಂದರ ಹಿಂದೆಯೇ ಆದ ಮತ್ತೊಂದು ಹೃದಯಾಘಾತದ ಕೋಡ್) ಬಳಸಬಹುದೇ?

ಉತ್ತರ 1 (ಬಳ್ಳಾರಿಯಿಂದ)
ಐ22 ಬಳಸಲು ಎರಡೂ ಆಘಾತಗಳು ಟೈಪ್ 1 ಆಗಿರಬೇಕು ಇಲ್ಲವೇ ಟೈಪ್ ನಮೂದಾಗಿರಬಾರದು, ಎರಡರ ನಡುವಿನ ಅಂತರ 4 ವಾರ ಮೀರಿರಬಾರದು. ನಿಮ್ಮ ರೋಗಿಯ ಮೊದಲನೆಯದೇ ಟೈಪ್ 2 ಆದ್ದರಿಂದ ಐ22 ಬರುವುದಿಲ್ಲ. ಎರಡನೆಯದೂ ಟೈಪ್ 2 ಆದರೆ ಮತ್ತೆ ಐ21.ಎ1, ಟೈಪ್ 1 ಆದರೆ ಅದಕ್ಕೆ ತಕ್ಕ ಐ21 ಕೋಡ್.