ವಿಎಸ್‌ಎಫ್‌ಟಿಪಿಡಿ: ಲಾಗಿನ್ ಆಗುತ್ತೆ, ಫೈಲ್ ಪಟ್ಟಿ ಬರಲ್ಲ, ಸಹಾಯ ಬೇಕು
ಅಜ್ಜನ ಕಾಲದ ಫೋಟೊಗಳನ್ನೆಲ್ಲ ಸ್ಕ್ಯಾನ್ ಮಾಡಿ, ಅಕ್ಕ ಅವಳ ಮನೆಯಿಂದಲೇ ಇಳಿಸಿಕೊಳ್ಳಲಿ ಅಂತ ಹಳೇ ಲ್ಯಾಪ್‌ಟಾಪ್‌ಗೆ ಉಬುಂಟು 22.04 ಹಾಕಿ ವಿಎಸ್‌ಎಫ್‌ಟಿಪಿಡಿ (ಫೈಲ್ ಹಂಚುವ ಎಫ್‌ಟಿಪಿ ಸರ್ವರ್) ಶುರು ಮಾಡಿದ್ದೇನೆ. ಮನೆಯ ವೈಫೈನಲ್ಲಿ ಎಲ್ಲ ಸರಿ. ಹೊರಗಿನಿಂದ ಫೈಲ್‌ಝಿಲ್ಲಾದಲ್ಲಿ (ಫೈಲ್ ಇಳಿಸಿಕೊಳ್ಳುವ ಆ್ಯಪ್) ಲಾಗಿನ್ ಆಗುತ್ತದೆ, ಆಮೇಲೆ '227 ಎಂಟರಿಂಗ್ ಪ್ಯಾಸಿವ್ ಮೋಡ್ (192,168,1,20,156,72)' ಅಂತ ಬಂದು ಅಲ್ಲೇ ನಿಂತು ಟೈಮ್‌ಔಟ್ ಆಗುತ್ತದೆ.

ಕಾನ್ಫಿಗ್‌ನಲ್ಲಿ ಪ್ಯಾಸಿವ್ ಪೋರ್ಟ್ (ಫೈಲ್ ಪಟ್ಟಿ, ಫೈಲ್‌ಗಳು ಹೋಗುವ ಪೋರ್ಟ್) 40000ರಿಂದ 40100 ಕೊಟ್ಟೆ, ಉಬುಂಟುವಿನ ಫೈರ್‌ವಾಲ್ ಯುಎಫ್‌ಡಬ್ಲ್ಯೂನಲ್ಲೂ ಅವನ್ನು ತೆರೆದೆ, ಸರ್ವಿಸ್ ರೀಸ್ಟಾರ್ಟ್ ಮಾಡಿದೆ. ರೂಟರ್‌ನಲ್ಲಿ ಮಾತ್ರ ಲಾಗಿನ್‌ನ ಪೋರ್ಟ್ 21 ಒಂದನ್ನೇ ಲ್ಯಾಪ್‌ಟಾಪ್‌ಗೆ ಫಾರ್ವರ್ಡ್ ಮಾಡಿರುವುದು. ಆ 227 ಸಾಲಿನ ಕೊನೆಯ ಎರಡು ಸಂಖ್ಯೆ ಪೋರ್ಟಿನವು: 156ನ್ನು 256ರಿಂದ ಗುಣಿಸಿ 72 ಕೂಡಿದರೆ 40008, ಅಂದರೆ ಪೋರ್ಟ್ ಸರಿಯಾಗೇ ಇದೆ ಅಲ್ವಾ? ಆದರೆ ಮೊದಲ ನಾಲ್ಕು ಸಂಖ್ಯೆಯ ಐಪಿ (192.168.1.20) ಮನೆಯೊಳಗಿನದು. ಎರಡು ದಿನದಿಂದ ಇಲ್ಲೇ ಸಿಕ್ಕಿಕೊಂಡಿದ್ದೇನೆ, ಅಕ್ಕ ದಿನಾ ಕೇಳುತ್ತಾಳೆ.

ಕಾನ್ಫಿಗ್‌ನ ಪಿಎಎಸ್‌ವಿ ಅಡ್ರೆಸ್‌ಗೆ (ಪ್ಯಾಸಿವ್ ಮೋಡ್‌ನಲ್ಲಿ ಸರ್ವರ್ ಹೇಳುವ ಐಪಿ) ಹೊರಗಿನ ಐಪಿ ಕೊಟ್ಟರೆ ಸಾಕಾ, ಅಥವಾ ಆ 101 ಪೋರ್ಟ್‌ಗಳನ್ನೂ ರೂಟರ್‌ನಲ್ಲಿ ಫಾರ್ವರ್ಡ್ ಮಾಡಲೇಬೇಕಾ?