ಕದ್ರಿ ಅಕ್ಕನ ಗೆಣಸಿನ ಸೊಪ್ಪು

ಉಡುಪಿ ಅಣ್ಣ: (ಫಾರ್ವರ್ಡ್ ಆಗಿದೆ) ಆಲೂಗಡ್ಡೆ ಮತ್ತು ಗೆಣಸಿನ ಎಲೆಗಳಲ್ಲಿ ವಿಷವಿದೆ. ಯಾರೂ ತಿನ್ನಬಾರದು. ಎಲ್ಲರಿಗೂ ತಿಳಿಸಿ.

ಉಡುಪಿ ಅಣ್ಣ: ತಾರಸಿಯಲ್ಲಿ ಎಲೆ ಕೊಯ್ಯುತ್ತಿರುವವರು ಓದಬೇಕು. ಮನೆಯಲ್ಲಿ ಮಕ್ಕಳಿದ್ದಾರೆ.

ಕದ್ರಿ ಅಕ್ಕ: ಓದಿದೆ ಅಣ್ಣ. ಅರ್ಧ ಮಾತ್ರ ನಿಜ. ಆಲೂಗಡ್ಡೆಯ ಎಲೆಯಲ್ಲಿ ಸೊಲನಿನ್ ಎಂಬ ವಿಷವಿದೆ, ತಿನ್ನಲೇಬಾರದು. ಅದು ಬದನೆ, ಟೊಮೆಟೊ ಕುಟುಂಬದ ಗಿಡ. ಗೆಣಸು ಬೇರೆಯೇ ಕುಟುಂಬದ್ದು. ಇಂಗ್ಲಿಷಿನಲ್ಲಿ ಎರಡಕ್ಕೂ ಪೊಟೇಟೊ ಎನ್ನುತ್ತಾರೆಂದು ಯಾರೋ ಒಂದೇ ಹಗ್ಗದಲ್ಲಿ ಕಟ್ಟಿದ್ದಾರೆ. ತುಳುವಿನಲ್ಲಿ ಕೆರೆಂಗ್ ಎನ್ನುವ ನಮಗೆ ಆ ಗೊಂದಲ ಯಾಕೆ? ಗೆಣಸಿನ ಹೂ ಬೇಲಿಯಲ್ಲಿ ಬೆಳಗ್ಗೆ ಅರಳುವ ನೇರಳೆ ಹೂವಿನಂತೆಯೇ ಇರುತ್ತದೆ. (ಆ ಬೇಲಿಬಳ್ಳಿಯ ಎಲೆಯನ್ನು ಮಾತ್ರ ಕೊಯ್ಯಬೇಡಿ.)

ಉಡುಪಿ ಅಣ್ಣ: ತೊಟ್ಟು ಮುರಿದರೆ ಬಿಳಿ ಹಾಲು ಬರುತ್ತದಲ್ಲ? ಹಾಲು ಸುರಿಸುವ ಗಿಡವನ್ನು ಅಮ್ಮ ಒಳಗೆ ತರುತ್ತಿರಲಿಲ್ಲ.

ಕದ್ರಿ ಅಕ್ಕ: ಗುಜ್ಜೆ, ಅದೇ ಎಳೆ ಹಲಸು, ತರುತ್ತಿರಲಿಲ್ಲವೇ? ಕೈಗೆ ಎಣ್ಣೆ ಸವರಿಕೊಂಡು ಹೆಚ್ಚುತ್ತಿದ್ದರಲ್ಲ. ಗೆಣಸಿನ ಹಾಲು ಬೆರಳಿಗೆ ಅಂಟಿ ಕಪ್ಪಾಗುತ್ತದೆ, ಅಷ್ಟೇ. ಗಂಟಲು ತುರಿಸುವ ಕೆಸುವಿನಿಂದ ಮಳೆಗಾಲದ ಆಟಿ ತಿಂಗಳಲ್ಲಿ ಪತ್ರೊಡೆ ಮಾಡುವ ಊರು ನಮ್ಮದು. ಫಿಲಿಪ್ಪೀನ್ಸ್, ತೈವಾನ್ ಜನ ಗೆಣಸಿನ ಕುಡಿಯನ್ನು ನಾವು ಹರಿವೆ ತಿಂದಂತೆ ತಿನ್ನುತ್ತಾರೆ.

ಸುರತ್ಕಲ್ ತಮ್ಮ: ಅಕ್ಕಾ, ಜೂನ್‌ನಲ್ಲಿ ನೆಟ್ಟಿದ್ದೆ. ಬಳ್ಳಿ ಅಂಗಳ ತುಂಬಿದೆ. ನಿನ್ನೆ ಅಗೆದರೆ ಬೆರಳು ಗಾತ್ರದ ಬೇರು. ಸೊಪ್ಪು ಕಿತ್ತದ್ದೇ ತಪ್ಪಾಯಿತೇ?

ಕದ್ರಿ ಅಕ್ಕ: ಎರಡು ತಿಂಗಳಿಗೇ ಅಗೆದೆಯಾ! ಮೂರೂವರೆಯಿಂದ ನಾಲ್ಕು ತಿಂಗಳು ಬೇಕು. ಹಟ್ಟಿಗೊಬ್ಬರ ಅತಿಯಾದರೆ ಸೊಪ್ಪು ಸೊಕ್ಕುತ್ತದೆ, ಗೆಡ್ಡೆ ಕಟ್ಟುವುದಿಲ್ಲ. ನೆಲಕ್ಕೆ ತಾಗಿದ ಗಂಟುಗಂಟಿನಲ್ಲೂ ಬೇರಿಳಿಯುತ್ತದೆ, ಆಗಾಗ ಬಳ್ಳಿಯನ್ನು ಎತ್ತಿ ಮಗುಚು. ಕುಡಿಯನ್ನು ಮಿತಿಮೀರಿ ಚಿವುಟಿದರೂ ಗೆಡ್ಡೆಗೆ ಪೆಟ್ಟು. ಅದಕ್ಕೇ ನಾನು ಎರಡು ಗೋಣಿಯನ್ನು ಸೊಪ್ಪಿಗೆ, ಮೂರನ್ನು ಗೆಡ್ಡೆಗೆ ಇಟ್ಟಿದ್ದೇನೆ. ತಳದಲ್ಲಿ ತೂತು, ಮಣ್ಣಿಗೆ ಮರಳು. ನಮ್ಮ ಮಳೆಗೆ ನೀರು ನಿಂತರೆ ಎಲ್ಲವೂ ಕೊಳೆಯುತ್ತದೆ.

ಕಾಪು ಅತ್ತಿಗೆ: ಇವರು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಈ ಸೊಪ್ಪು ಆಗುತ್ತದೆಯೇ?

ಕದ್ರಿ ಅಕ್ಕ: ಅತ್ತಿಗೆ, ಕೇಳಬೇಕಾದ ಪ್ರಶ್ನೆ ಇದು. ಆ ಫಾರ್ವರ್ಡ್‌ನಲ್ಲಿ ಇದರ ಸುದ್ದಿಯೇ ಇಲ್ಲ. ಈ ಎಲೆಯಲ್ಲಿ ವಿಟಮಿನ್ ಕೆ ಬಹಳ, ಅದು ವಾರ್ಫರಿನ್ ಕೆಲಸವನ್ನು ತಗ್ಗಿಸುತ್ತದೆ. ವೈದ್ಯರನ್ನು ಕೇಳದೆ ಕಾಪು ಅಣ್ಣನಿಗೆ ಬಡಿಸಬೇಡಿ. ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರೂ ಕೇಳಿಯೇ ತಿನ್ನಬೇಕು, ಎಲೆಯಲ್ಲಿ ಕಲ್ಲಾಗಬಲ್ಲ ಆಕ್ಸಲೇಟ್ ಇದೆ. ಕುದಿಸಿ ನೀರು ಚೆಲ್ಲಿದರೆ ಸ್ವಲ್ಪ ಇಳಿಯುತ್ತದೆ.

ಉಡುಪಿ ಅಣ್ಣ: ಹಾಗಾದರೆ ನಾನು ಎಚ್ಚರಿಸಿದ್ದರಲ್ಲಿ ತಪ್ಪೇನು?

ಕದ್ರಿ ಅಕ್ಕ: ಎಚ್ಚರಿಸು ಅಣ್ಣ, ಆದರೆ ವಿಷ ಎನ್ನಬೇಡ. ಅದನ್ನು ಓದಿ ಯಾರಾದರೂ ಅಂಗಳದ ಬಳ್ಳಿಯನ್ನು ಕಿತ್ತೆಸೆದರೆ ನನಗೆ ಹೊಟ್ಟೆ ಉರಿಯುತ್ತದೆ. ಈ ಮಳೆಗೆ ನನ್ನ ಹರಿವೆ ಸಾಲು ಪೂರ್ತಿ ಮಲಗಿತು, ಗೆಣಸು ತಲೆಯೆತ್ತಿಯೇ ಇದೆ. ಇವತ್ತು ಬೆಳಗ್ಗೆ ತುದಿಯ ನಾಲ್ಕು ನಾಲ್ಕು ಎಲೆ ಚಿವುಟಿದೆ, ಅಂಚಿನಲ್ಲಿ ನಸುನೇರಳೆ ಬಣ್ಣ, ಹನಿ ಇನ್ನೂ ಆರಿರಲಿಲ್ಲ. ಬೆಳ್ಳುಳ್ಳಿ, ಒಣಮೆಣಸಿನ ಒಗ್ಗರಣೆಗೆ ಹಾಕಿ ಐದು ನಿಮಿಷ ಬಾಡಿಸಿ, ಮೇಲೆ ಕಾಯಿತುರಿ. ಬಸಳೆಯಷ್ಟು ಲೋಳೆಯಿಲ್ಲ. ಮಗಳು ಎರಡನೆಯ ಸಲ ಬಡಿಸಿಕೊಂಡಳು.

ಉಡುಪಿ ಅಣ್ಣ: ಸಂದೇಶ ಅಳಿಸಿದ್ದೇನೆ. ಸೊಪ್ಪು ತಿನ್ನಲು ನನಗೆ ಇನ್ನೂ ಮನಸ್ಸಿಲ್ಲ. ಗೆಡ್ಡೆಗೆಂದು ನಾಲ್ಕು ತುಂಡು ಬಳ್ಳಿ ಕೊಡು.

ಕದ್ರಿ ಅಕ್ಕ: ಶನಿವಾರ ತಮ್ಮನ ಕೈಯಲ್ಲಿ ಕಳುಹಿಸುತ್ತೇನೆ. ಗೇಣುದ್ದದ ತುಂಡುಗಳು. ಎರಡು ಗಂಟು ಮಣ್ಣಿನೊಳಗೆ ಇರಲಿ.